ಬ್ಯಾನರಿನಲ್ಲಿ ಬರೆಯದ ಫಲಿತಾಂಶ: ಹುಬ್ಬಳ್ಳಿ–ಧಾರವಾಡದ ಹೆಣ್ಣುಮಕ್ಕಳ ಶಾಲೆಗಳು

(ಹುಬ್ಬಳ್ಳಿಯ ಹಳೆಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಇಲ್ಲಿ ಕಲಿಸಿದ ಅಕ್ಕೋರೇ, ಇಲ್ಲಿ ಕಲಿತು ಇವತ್ತು ಮೊಮ್ಮಕ್ಕಳ ಕೈಹಿಡಿದು ಬಂದಿರುವ ಗೆಳತಿಯರೇ,

ಇಂಥ ಶಾಲೆಗಳ ಇತಿಹಾಸ ಮತ್ತು ಶೈಕ್ಷಣಿಕ ಸ್ಥಾನಮಾನದ ಬಗ್ಗೆ ಮಾತಾಡಿ ಎಂದಿದ್ದಾರೆ. ಸ್ಥಾನಮಾನ ಎಂದ ಕೂಡಲೇ ನಮ್ಮ ಕಣ್ಣು ಗೇಟಿನ ಮೇಲಿನ ಬ್ಯಾನರಿಗೆ ಹೋಗುತ್ತದೆ. ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ಎಷ್ಟು, 625ಕ್ಕೆ ಯಾರು ಎಷ್ಟು ತೆಗೆದರು, ಯಾರ ಫೋಟೋ ದೊಡ್ಡದು. ಅದೆಲ್ಲ ಬೇಡ ಎನ್ನುವವಳಲ್ಲ ನಾನು. ಮೂರು ದಶಕ ಹತ್ತನೇ ಇಯತ್ತೆಗೆ ಇತಿಹಾಸ ಕಲಿಸಿದವಳು. ಮೇ ತಿಂಗಳು ಬಂತೆಂದರೆ ನನಗೂ ನಿದ್ದೆ ಇರಲಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆಯ ನಿಜವಾದ ಫಲಿತಾಂಶ ಬೇರೆ ಕಡೆ ಬರೆದಿದೆ. ಅಲ್ಲಿಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಮೈಸೂರಿನವರಿಗೆ ಒಂದು ಅನುಕೂಲವಿತ್ತು. 1881ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಬೆನ್ನಿಗೆ ಅರಮನೆಯಿತ್ತು, ಹೆಸರಿನಲ್ಲೇ ಮಹಾರಾಣಿ ಇದ್ದಳು. ನಮ್ಮ ಕಡೆ ಇದ್ದ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಹೋದಳು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದ ಮೇಲೆ ಧಾರವಾಡ ಸೀಮೆ ಮುಂಬಯಿ ಇಲಾಖೆಯ ಬಾಲದ ತುದಿ. ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ಗಂಡುಹುಡುಗರಿಗೇ ಕನ್ನಡದಲ್ಲಿ ಕಲಿಯುವ ಅವಕಾಶ ದೊರಕಿಸಲು ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಬೇಕಾಯಿತು. ಇಂಥಲ್ಲಿ ಹುಡುಗಿಯರ ಸಾಲಿ ಎಂದರೆ ಯಾರ ಲೆಕ್ಕದಲ್ಲಿ?

ಮೊದಲು ಈ ಕೆಲಸಕ್ಕೆ ಕೈಹಾಕಿದವರಲ್ಲಿ ಬಾಸೆಲ್ ಮಿಷನ್ನಿನವರಿದ್ದರು. ಅವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರ ಹೊತ್ತಿಗೆ ಗದುಗಿನ ಬೆಟಗೇರಿಗೆ ಬಂದರು. ಮಿಷನರಿಗಳ ಹೆಂಡಂದಿರು ಅಂಗಳದಲ್ಲಿ ಹುಡುಗಿಯರನ್ನು ಕೂಡಿಸಿಕೊಂಡು ಅಕ್ಷರ, ಹೊಲಿಗೆ, ಹೆಣಿಗೆ ಕಲಿಸಿದರು. ಊರವರಿಗೆ ಜಾತಿ ಕೆಡುತ್ತದೆಂಬ ಹೆದರಿಕೆ, ಪಾದ್ರಿಗೆ ಮತದ ಆಸೆ, ಎರಡೂ ನಿಜ. ಆದರೂ ಹುಡುಗಿ ಪಾಟಿ ಹಿಡಿದು ಕೂತರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದನ್ನು ಪೇಟೆಯವರು ಅಲ್ಲಿ ಕಣ್ಣಾರೆ ಕಂಡರು.

ಆಮೇಲೆ ಸರಕಾರದ, ಮುನ್ಸಿಪಾಲ್ಟಿಯ ಹೆಣ್ಣುಮಕ್ಕಳ ಶಾಲೆಗಳು ಬಂದವು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಆ ಬೋರ್ಡುಗಳು ಗೊತ್ತು: ಕೆ.ಜಿ.ಎಸ್. ಅಂದರೆ ಕನ್ನಡ ಹೆಣ್ಣುಮಕ್ಕಳ ಶಾಲೆ, ಯು.ಜಿ.ಎಸ್. ಅಂದರೆ ಉರ್ದು ಹೆಣ್ಣುಮಕ್ಕಳದು, ಎಂ.ಜಿ.ಎಸ್. ಮರಾಠಿಯದು, ಮುಂದೆ ಒಂದು ನಂಬರು. ಇಷ್ಟು ಭಾಷೆಗೆ ಬೇರೆ ಬೇರೆ ಹುಡುಗಿಯರ ಶಾಲೆ ಇಟ್ಟುಕೊಂಡ ಊರು ಹುಬ್ಬಳ್ಳಿ. ಅದರಲ್ಲಿ ರೈಲಿನ ಪಾಲೂ ಇದೆ. ಸದರ್ನ್ ಮರಾಠಾ ರೈಲ್ವೆ ಬಂತು, ವರ್ಕ್‌ಶಾಪ್ ಬಂತು, ತಿಂಗಳ ಪಗಾರದ ಕುಟುಂಬಗಳು ಬಂದವು. ಹೊಲ ಇದ್ದವನು ಮಗಳನ್ನು ಹೊಲಕ್ಕೆ ಕಳಿಸುತ್ತಿದ್ದ. ಕ್ವಾರ್ಟರ್ಸಿನಲ್ಲಿ ಇದ್ದವನಿಗೆ ಹೊಲವೇ ಇರಲಿಲ್ಲ, ಮಗಳು ಶಾಲೆಗೆ ಹೋದಳು. ಸಮಾಜ ಸುಧಾರಣೆಯಷ್ಟೇ ಸಂಬಳವೂ ಹುಡುಗಿಯರನ್ನು ಓದಿಸಿದೆ ಎಂದು ನನಗನಿಸುತ್ತದೆ.

ಈಗ ಆ ಬೇರೆ ಕಡೆ ಬರೆದ ಫಲಿತಾಂಶಕ್ಕೆ ಬರುತ್ತೇನೆ. ಪ್ರತಿ ಶಾಲೆಯ ಕಪಾಟಿನಲ್ಲಿ ಜನರಲ್ ರಜಿಸ್ಟರ್ ಇರುತ್ತದೆ. ಬಟ್ಟೆಯ ಬೆನ್ನು, ಬುರ್ನಾಸು ರಟ್ಟು, ಗೆದ್ದಲು ಬಾರದಿರಲೆಂದು ನಡುವೆ ಬೇವಿನ ಎಲೆ. ಅಡ್ಡಗೆರೆಗಳ ಮೇಲೆ ಅನುಕ್ರಮ ನಂಬರು, ಹುಡುಗಿಯ ಹೆಸರು, ತಂದೆ ಅಥವಾ ಪಾಲಕರ ಹೆಸರು, ಜಾತಿ, ಹುಟ್ಟಿದ ತಾರೀಖು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ. ಬಲತುದಿಯಲ್ಲಿ, ಬೈಂಡಿಂಗಿನ ಮಡಿಕೆಗೆ ಅರ್ಧ ಮುಚ್ಚಿಹೋದ ಒಂದು ಕಲಮು: ಬಿಟ್ಟ ಕಾರಣ. ನಾನು ಕೆಲಸ ಮಾಡಿದ ಶಾಲೆಯ ಹಳೆಯ ರಜಿಸ್ಟರುಗಳನ್ನು ನಿವೃತ್ತಿಯ ಮುಂಚೆ ಒಂದೊಂದಾಗಿ ತೆಗೆದು ನೋಡಿದೆ. ಬಹಳ ಹಳೆಯ ಪುಟಗಳಲ್ಲಿ ಆ ಕಲಮು ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು: 'ಲಗ್ನ'. ಕೆಲವು ಕಡೆ 'ಗೈರುಹಾಜರಿ', ಅದರ ಕೆಳಗೆ 'ಸದರ', 'ಸದರ', 'ಸದರ', ಅಂದರೆ ಮೇಲಿನಂತೆಯೇ. ಮುಂದಿನ ಪುಸ್ತಕಗಳಲ್ಲಿ 'ವರ್ಗಾವಣೆ' ಬರುತ್ತದೆ, 'ಮುಲ್ಕಿ ಪಾಸು', ಅಂದರೆ ಏಳನೇ ಇಯತ್ತೆಯ ಸರಕಾರಿ ಪರೀಕ್ಷೆ ಪಾಸು, ಬರುತ್ತದೆ, ಎಷ್ಟೋ ತಡವಾಗಿ 'ಕಾಲೇಜಿಗೆ' ಬರುತ್ತದೆ. ಬರೆದವರ ಕೈ ಬದಲಾಗಿದೆ, ಮಸಿ ಬದಲಾಗಿದೆ. ಹುಡುಗಿ ಶಾಲೆ ಬಿಡುವ ವಯಸ್ಸು ಒಂದೊಂದೇ ವರ್ಷ ಮುಂದೆ ಸರಿದಿದೆ.

ಈ ಸರಿಯುವಿಕೆ ತನ್ನಿಂತಾನೇ ಆದದ್ದಲ್ಲ. ಶಾರದಾ ಕಾಯ್ದೆ 1929ರಲ್ಲಿ ಪಾಸಾಗಿ 1930ರ ಏಪ್ರಿಲಿನಿಂದ ಜಾರಿಗೆ ಬಂದಾಗ ಹುಡುಗಿಯ ಮದುವೆಯ ವಯಸ್ಸು ಕನಿಷ್ಠ 14. 1949ರಲ್ಲಿ ಅದು 15 ಆಯಿತು, 1978ರಲ್ಲಿ 18. ಕಾಯ್ದೆ ಬಂದ ಮರುದಿನ ಯಾರೂ ತಾಂಬೂಲ ತಿರುಗಿ ಕೊಡಲಿಲ್ಲ, ಅದು ನಿಮಗೂ ಗೊತ್ತು. 1930ರ ಆಚೀಚೆ ಗಡಿಬಿಡಿಯಲ್ಲಿ ತೊಟ್ಟಿಲ ಕೂಸುಗಳ ಲಗ್ನವೂ ನಡೆದವು. ಆದರೆ ಮನೆಗೆ ಬಂದು 'ಇನ್ನೊಂದು ವರ್ಷ ಬಿಡ್ರಿ, ಮುಲ್ಕಿ ಮುಗೀಲಿ' ಎಂದು ವಾದಿಸುವ ಅಕ್ಕೋರ ಕೈಗೆ ಕಾಯ್ದೆ ಒಂದು ಮಾತು ಕೊಟ್ಟಿತು.

ಆ ಅಕ್ಕೋರು ಯಾರು ಎಂಬ ಪ್ರಶ್ನೆಯಲ್ಲಿ ಸ್ವಲ್ಪ ನಿಲ್ಲಬೇಕು. ಮಾಸ್ತರರು ಕಲಿಸುವ ಶಾಲೆಗೆ ಹನ್ನೊಂದು ದಾಟಿದ ಮಗಳನ್ನು ಕಳಿಸಲು ಪಾಲಕರು ತಯಾರಿಲ್ಲ. ಹೆಂಗಸರೇ ಕಲಿಸಬೇಕೆಂದರೆ, ಕಲಿತ ಹೆಂಗಸರು ಎಲ್ಲಿದ್ದಾರೆ? ಮುತ್ತೈದೆಯರು ಹೊಸ್ತಿಲು ದಾಟುವಂತಿಲ್ಲ. ಉಳಿದವರು ವಿಧವೆಯರು. ಹತ್ತು–ಹನ್ನೆರಡರಲ್ಲಿ ಕುಂಕುಮ ಕಳೆದುಕೊಂಡು, ಮಡಿಯ ಹೆಸರಿನಲ್ಲಿ ಅಡುಗೆಮನೆಯ ಮೂಲೆ ಸೇರಿದ್ದ ಹುಡುಗಿಯರನ್ನು ಯಾರೋ ಅಣ್ಣನೋ ತಂದೆಯೋ ಧೈರ್ಯ ಮಾಡಿ ಧಾರವಾಡದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ತಂದು ಬಿಟ್ಟರು. ಮುಲ್ಕಿ ಪಾಸಾದರೆ ಟ್ರೇನಿಂಗ್, ಟ್ರೇನಿಂಗ್ ಮುಗಿದರೆ ನೌಕರಿ, ನೌಕರಿಯ ಜೊತೆ ಒಂದು ಬಾಡಿಗೆ ಕೋಣೆ. ಬಾಲ್ಯವಿವಾಹವನ್ನು ಸಾಕಿದ ಸಮಾಜವೇ, ಬೇಕೆಂದೋ ಬೇಡವೆಂದೋ, ಬಾಲ್ಯವಿವಾಹದ ವಿರುದ್ಧ ಕಲಿಸುವವರನ್ನೂ ತಯಾರು ಮಾಡಿ ಕೊಟ್ಟಿತು. ಇದನ್ನು ನಾನು ಕಥೆಗಾಗಿ ಹೇಳುತ್ತಿಲ್ಲ. ಸ್ವತಃ ಬಾಲವಿಧವೆಯಾಗಿದ್ದ ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ಧಾರವಾಡದಲ್ಲಿ ವನಿತಾ ಸೇವಾ ಸಮಾಜ ಕಟ್ಟಿದರು. ಇರಲು ಜಾಗ, ಕಲಿಯಲು ಶಾಲೆ, ದುಡಿಯಲು ಕಸುಬು, ಮೂರೂ ಒಂದೇ ಆವರಣದಲ್ಲಿ. ಪುಣೆಯ ಕರ್ವೆಯವರು ವಿಧವೆಯರಿಗಾಗಿ ತೆರೆದಿದ್ದ ಆಶ್ರಮದ ಗಾಳಿ ಇಲ್ಲಿಗೂ ಬೀಸಿತ್ತು ಎನ್ನಬಹುದು. ಆದರೆ ವಂತಿಗೆ ಕೂಡಿಸಿದವರು, ಅಕ್ಕಿ–ಜೋಳ ಕೊಟ್ಟವರು ಇಲ್ಲಿನವರೇ.

ಹುಬ್ಬಳ್ಳಿಯಲ್ಲಿ ಈ ಮಾತಿಗೆ ಇನ್ನೊಂದು ಹೆಸರು ಉಮಾಬಾಯಿ ಕುಂದಾಪುರ. ಹುಟ್ಟಿದ್ದು 1892ರಲ್ಲಿ, ಎಳೆಯ ವಯಸ್ಸಿನಲ್ಲೇ ಮದುವೆ. ಅವರು ಮ್ಯಾಟ್ರಿಕ್ ಮುಗಿಸಿದ್ದು ಮದುವೆಯಾದ ಮೇಲೆ, ಮಾವ ಆನಂದರಾಯರ ಒತ್ತಾಸೆಯಿಂದ. ಸೊಸೆಯನ್ನು ಓದಿಸಿದ ಮಾವ! ನಮ್ಮ ಇತಿಹಾಸ ಪಾಠಗಳಲ್ಲಿ ಇಂಥ ಮಾವಂದಿರಿಗೆ ಅರ್ಧ ಸಾಲೂ ಇಲ್ಲ. ಗಂಡ ಕ್ಷಯದಿಂದ ತೀರಿಹೋದ ಮೇಲೆ ಮಾವ–ಸೊಸೆ ಹುಬ್ಬಳ್ಳಿಗೆ ಬಂದರು. ಮಾವನಿಗೆ ಕರ್ನಾಟಕ ಪ್ರೆಸ್, ಸೊಸೆಗೆ ಹುಡುಗಿಯರ ತಿಲಕ ಕನ್ಯಾ ಶಾಲೆ. ಡಾ. ನಾ. ಸು. ಹರ್ಡೀಕರರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಪಡೆ ಸೇವಾದಳದಲ್ಲಿ ಮಹಿಳಾ ವಿಭಾಗದ ಹೊಣೆಯೂ ಉಮಾಬಾಯಿಯವರದೇ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಮನೆಮನೆಗೆ ಹೋಗಿ ಹೆಂಗಸರನ್ನು, ಅದರಲ್ಲೂ ವಿಧವೆಯರನ್ನು, ಹೊರಗೆ ತಂದ ಕೆಲಸ ಅದು. 1932ರಲ್ಲಿ ಅವರನ್ನು ಯರವಡಾ ಜೈಲಿಗೆ ಕಳಿಸಿದ ಸರಕಾರ ಪ್ರೆಸ್ಸನ್ನು ಮುಟ್ಟುಗೋಲು ಹಾಕಿಕೊಂಡಿತು, ಶಾಲೆಗೆ ಬೀಗ ಜಡಿಯಿತು. ಹುಡುಗಿಯರಿಗೆ ಲೆಕ್ಕ, ಕನ್ನಡ ಕಲಿಸುವ ಶಾಲೆಗೆ ಸಾಮ್ರಾಜ್ಯ ಹೆದರಿತೆಂದರೆ, ಶೈಕ್ಷಣಿಕ ಸ್ಥಾನಮಾನಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಗೊತ್ತಿಲ್ಲ.

ಅದೇ ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಹಾಡಿದ ಶಾಲಾ ಹುಡುಗಿಯರಲ್ಲಿ ಧಾರವಾಡದ ಹನ್ನೊಂದರ ಹುಡುಗಿಯೊಬ್ಬಳಿದ್ದಳು. ಹಾಡು ಮುಗಿದ ಮೇಲೆ ಊಟದ ಎಲೆ ತೆಗೆಯಲು ತನ್ನನ್ನೇ ಕರೆಯುತ್ತಾರೇನೋ ಎಂಬ ಹೆದರಿಕೆ ಅವಳಿಗಿತ್ತಂತೆ, ಜಾತಿಯ ಕಾರಣಕ್ಕೆ. ಅವಳ ಶಾಲೆ ಐದನೇ ಇಯತ್ತೆಗೇ ನಿಂತಿತು. ಅವರೇ ಗಂಗೂಬಾಯಿ ಹಾನಗಲ್ಲ. ಇವತ್ತು ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಶಾಲೆ ಬಿಟ್ಟರೂ ದೊಡ್ಡವರಾಗಬಹುದು ಎಂದು ಭಾಷಣಕಾರರು ಈ ಉದಾಹರಣೆ ಕೊಡುವುದನ್ನು ಕೇಳಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಹಾಡುವ ತಾಯಿ ಮನೆಯಲ್ಲಿದ್ದರು, ಕುಂದಗೋಳದಲ್ಲಿ ಸವಾಯಿ ಗಂಧರ್ವರಂಥ ಗುರು ಇದ್ದರು. ಐದನೇ ಇಯತ್ತೆಗೆ ಬಿಟ್ಟ ಉಳಿದವರಿಗೆ ಅದ್ಯಾವುದೂ ಇರಲಿಲ್ಲ.

ಇನ್ನು ಪಾಠದ ಗುಣಮಟ್ಟ. ಮಾತು ಮೆತ್ತಗೆ ಮಾಡದೆ ಹೇಳುತ್ತೇನೆ: ನಮ್ಮ ಹೆಣ್ಣುಮಕ್ಕಳ ಹೈಸ್ಕೂಲುಗಳು ಕನ್ನಡ, ಸಂಸ್ಕೃತ, ಇತಿಹಾಸಗಳಲ್ಲಿ ಯಾರಿಗೂ ಕಡಿಮೆ ಇರಲಿಲ್ಲ, ಗಣಿತ–ವಿಜ್ಞಾನಗಳಲ್ಲಿ ಬಹಳ ಕಾಲ ಅರೆಮನಸ್ಸಿನಿಂದ ನಡೆದವು. ಎಷ್ಟೋ ಕಡೆ ಪ್ರಯೋಗಶಾಲೆ ಎಂದರೆ ಬೀಗ ಹಾಕಿದ ಒಂದು ಕಪಾಟು. ಗೃಹವಿಜ್ಞಾನಕ್ಕೆ ಮಾತ್ರ ಒಲೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲ ಬಂದವು. ದಾನಿಗಳೂ ಹೊಲಿಗೆ ಯಂತ್ರವನ್ನೇ ಕೊಟ್ಟರು, ಸೂಕ್ಷ್ಮದರ್ಶಕ ಕೊಟ್ಟವರು ಕಡಿಮೆ. ಹುಡುಗಿ ಓದಲಿ, ಆದರೆ ಓದಿದ್ದು ಅಡುಗೆಮನೆಯ ಬಾಗಿಲು ದಾಟಬಾರದು ಎಂಬ ಕರಾರು ಅದರಲ್ಲಿತ್ತು. ಶಿಗ್ಗಾಂವಿಯಲ್ಲಿ ಹುಟ್ಟಿದ, ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗಿಯೊಬ್ಬಳು 1968ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಸೇರಿದಾಗ ಅವಳು ಅಲ್ಲಿನ ಏಕೈಕ ವಿದ್ಯಾರ್ಥಿನಿ. ಹೆಣ್ಣುಮಕ್ಕಳಿಗೆ ಶೌಚಾಲಯ ಕೂಡ ಇರಲಿಲ್ಲ. ಸುಧಾ ಮೂರ್ತಿಯವರ ಆ ಕಥೆ ನಿಮಗೆಲ್ಲ ಬಾಯಿಪಾಠ. ನಾನು ಕೇಳುವುದು ಇಷ್ಟೇ: ಅವರ ವಾರಿಗೆಯಲ್ಲೇ ಗಣಿತ ಚೆನ್ನಾಗಿ ಬರುತ್ತಿದ್ದ ಇನ್ನೆಷ್ಟು ಹುಡುಗಿಯರಿಗೆ ಹೊಲಿಗೆ ಯಂತ್ರದ ಮುಂದೆ ಜಾಗ ತೋರಿಸಿದೆವು?

ಸಾಹಿತ್ಯದ ಕಡೆ ಲೆಕ್ಕ ಚೆನ್ನಾಗಿದೆ. ಧಾರವಾಡದಲ್ಲಿ ಶಾಂತಾದೇವಿ ಕಣವಿ ಕಥೆ ಬರೆದರು. ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದ ವೀಣಾ ಶಾಂತೇಶ್ವರ ಮಧ್ಯಮವರ್ಗದ ಸಂಸಾರಗಳಿಗೆ ಮುಜುಗರವಾಗುವಂಥ ಕಥೆ ಬರೆದರು, ಕರ್ನಾಟಕ ಕಾಲೇಜಿನ ಪ್ರಾಚಾರ್ಯರೂ ಆದರು.  

ಈಗಿನ ಸ್ಥಿತಿಗೆ ಬರೋಣ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರೇ ಮುಂದೆ. ಪತ್ರಿಕೆಯವರಿಗೆ ತಲೆಬರಹ ಬದಲಿಸುವ ಕೆಲಸವೇ ಇಲ್ಲ. ಆದರೆ ಹಳೆಯ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹಾಜರಿ ಪುಸ್ತಕ ತೆಳ್ಳಗಾಗಿದೆ. ವಕೀಲರ, ಡಾಕ್ಟರರ, ಮಾಸ್ತರರ ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋದರು. ನನ್ನ ಮೊಮ್ಮಗಳೂ ಅಲ್ಲೇ. ಇಲ್ಲಿಗೆ ಬರುವವರು ಗಾರೆ ಕೆಲಸದವರ, ಹಣ್ಣಿನ ಗಾಡಿಯವರ ಮಕ್ಕಳು. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ಬಸ್ಸಿಗೆ ಬರುವ ರೈತರ ಮಕ್ಕಳು. ಇದನ್ನು ಕೆಲವರು ಶಾಲೆ ಇಳಿದುಹೋಯಿತು ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಶಾಲೆ ಹುಟ್ಟಿದ್ದೇ ಇವರಿಗಾಗಿ. ಮನೆಯಲ್ಲಿ ಮೊದಲ ಬಾರಿ ಹತ್ತನೇ ಇಯತ್ತೆ ಕಾಣುತ್ತಿರುವ ಹುಡುಗಿ ಬಂದ ದಿನವೇ ಶಾಲೆಯ ಮಟ್ಟ ಇಳಿಯಿತು ಎನ್ನುವುದಾದರೆ, ಆ ಅಳತೆಗೋಲನ್ನು ಮೊದಲು ಪರೀಕ್ಷೆ ಮಾಡಬೇಕು.

ಈ ಅಳತೆಗೋಲಿನಲ್ಲಿ ಇನ್ನೊಂದು ಮೋಸವಿದೆ. ಶೇಕಡಾ ನೂರು ಎಂಬ ಬ್ಯಾನರಿಗಾಗಿ, ನಪಾಸಾಗಬಹುದು ಅನಿಸಿದ ಹುಡುಗಿಗೆ ಒಂಬತ್ತರಲ್ಲೇ ದಾಖಲೆ ಕೊಟ್ಟು ಕಳಿಸುವ, 'ಎಕ್ಸ್‌ಟರ್ನಲ್ ಕಟ್ಟವಾ', ಅಂದರೆ ಶಾಲೆಯ ಹೊರಗಿನಿಂದ ಪರೀಕ್ಷೆಗೆ ಕೂಡು, ಎನ್ನುವ ರೂಢಿ ಅಲ್ಲಲ್ಲಿ ಇದೆ. ಗಂಡುಹುಡುಗನಾದರೆ ಟ್ಯೂಷನ್ನಿಗೆ ಹೋಗಿ ಮರುವರ್ಷ ಕಟ್ಟುತ್ತಾನೆ. ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಆ ವರ್ಷದೊಳಗೆ ವರ ನೋಡುತ್ತಾರೆ. ಕಾಯ್ದೆ 18 ಎನ್ನುತ್ತದೆ, ಆಧಾರ್ ಕಾರ್ಡಿನ ವಯಸ್ಸು ಹೇಗೆ ಏರುತ್ತದೆಂದು ಇಲ್ಲಿ ಕೂತ ಅಕ್ಕೋರಿಗೆ ನಾನು ಹೇಳಬೇಕಿಲ್ಲ. ಶೇಕಡಾ 82 ಫಲಿತಾಂಶ ಬಂದು, ಎಂಟನೆಯದಕ್ಕೆ ಸೇರಿದವರೆಲ್ಲ ಹತ್ತನೆಯ ಪರೀಕ್ಷೆಗೆ ಕೂತ ಶಾಲೆಯನ್ನು ನಾನು ಶೇಕಡಾ ನೂರರ ಶಾಲೆಗಿಂತ ಮೇಲೆ ಇಡುತ್ತೇನೆ.

2006–07ರಲ್ಲಿ ಎಂಟನೇ ತರಗತಿಗೆ ಸೈಕಲ್ಲು ಬಂದಾಗ, 2023ರ ಜೂನಿನಲ್ಲಿ ಶಕ್ತಿ ಯೋಜನೆಯಿಂದ ಬಸ್ಸು ಪುಕ್ಕಟೆಯಾದಾಗ ನಕ್ಕವರು ಬಹಳ. ಊರಿನಲ್ಲಿ ಏಳನೆಯದರ ತನಕ ಮಾತ್ರ ಶಾಲೆ ಇರುವ ಹುಡುಗಿಗೆ ಆ ನಡುವಿನ ಎಂಟು–ಹತ್ತು ಕಿಲೋಮೀಟರೇ ಬಿಟ್ಟ ಕಾರಣ ಆಗಿತ್ತು ಎಂಬುದನ್ನು ರಜಿಸ್ಟರು ಕಂಡವರು ನಗಲಾರರು.

ಹಳೆಯ ವಿದ್ಯಾರ್ಥಿನಿಯರ ಸಂಘ ಈ ವರ್ಷ ದ್ವಾರಬಾಗಿಲು ಕಟ್ಟಿಸಬೇಕೆಂದು ಯೋಚಿಸಿದೆಯಂತೆ. ಬಾಗಿಲು ಚೆಂದವೇ, ಆದರೆ ಎರಡನೇ ಮಹಡಿಯ ವಿಜ್ಞಾನ ಕೋಣೆಗೆ ನಲ್ಲಿ ಇಲ್ಲ ಎಂದು ಈಗಷ್ಟೇ ಅಲ್ಲಿನ ಅಕ್ಕೋರು ಹೇಳಿದರು. ಇನ್ನೊಂದು ಕೆಲಸಕ್ಕೆ ಅಷ್ಟು ರೊಕ್ಕವೂ ಬೇಡ. ಕಳೆದ ಮೂರು ವರ್ಷದಲ್ಲಿ ಒಂಬತ್ತಕ್ಕೇ ಬಿಟ್ಟುಹೋದ ಹುಡುಗಿಯರ ಹೆಸರು, ಊರು ಕಪಾಟಿನಲ್ಲೇ ಇವೆ. ಮುಖ್ಯಾಧ್ಯಾಪಕಿಯರು ಪಟ್ಟಿ ತೆಗೆದುಕೊಟ್ಟರೆ ಮೇಜಿನ ಈ ಬದಿಯಲ್ಲಿ ಇಡುತ್ತೇನೆ. ಚಹಾ ಕುಡಿದು ಹೋಗುವಾಗ ನಿಮ್ಮ ನಿಮ್ಮ ಊರಿನ ಕಡೆಯ ಹೆಸರುಗಳನ್ನು ಬರೆದುಕೊಂಡು ಹೋಗಿ, ಎಕ್ಸ್‌ಟರ್ನಲ್ ಪರೀಕ್ಷೆಯ ಅರ್ಜಿ ತುಂಬುವ ದಿನ ಮುಗಿಯುವ ಮುಂಚೆ ಆ ಮನೆಗಳಿಗೆ ಹೋಗಿ ಬನ್ನಿ.