ಬಚ್ಚಲಿನ ನಲ್ಲಿ ಜುಮ್ ಎಂದರೆ

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ಬಚ್ಚಲಿನ ನಲ್ಲಿಯನ್ನೋ ಗ್ರೈಂಡರಿನ ಮೈಯನ್ನೋ ಫ್ರಿಜ್ಜಿನ ಬಾಗಿಲನ್ನೋ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುತ್ತದೆಯೇ? ‘ಹೌದು, ಸ್ವಲ್ಪ, ಅದೂ ಮಳೆಗಾಲದಲ್ಲಿ ಮಾತ್ರ’ ಎಂದು ಯಾರಾದರೂ ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದರೆ ಇವತ್ತಿನ ಮಾತು ಅವರಿಗಾಗಿ. ಉಳಿದವರೂ ಕೇಳಿ. ನಿಮ್ಮ ಅತ್ತೆಯ ಮನೆಯಲ್ಲಿ ಜುಮ್ ಎನ್ನುತ್ತಿರಬಹುದು.

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು ನಾನು. ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು 1948ರಲ್ಲಿ. ಕರೆಂಟು ಹುಟ್ಟುವ ಜಿಲ್ಲೆ ನಮ್ಮದು ಎಂದು ಹೆಮ್ಮೆಪಡುತ್ತೇವೆ. ಪಡೋಣ. ಆದರೆ ಅದೇ ಕರೆಂಟು ಹಳೆಯ ಹೆಂಚಿನ ಮನೆಗಳ ಒಳಗೆ ಹೇಗೆ ಓಡಾಡುತ್ತಿದೆ ಎಂದು ಒಮ್ಮೆ ಅಟ್ಟ ಹತ್ತಿ ನೋಡಿದವರಿಗೆ ಹೆಮ್ಮೆ ಇಳಿಯುತ್ತದೆ. ಮರದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ವೈರು, ದುಂಡನೆಯ ಕಪ್ಪು ಸ್ವಿಚ್ಚು, ಪಿಂಗಾಣಿ ಫ್ಯೂಸು. ಹಾಕಿದ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಆಗ ಇದ್ದದ್ದು ಆರು ಬಲ್ಬು, ಒಂದು ರೇಡಿಯೋ. ಇವತ್ತು ಅದೇ ವೈರಿನ ಮೇಲೆ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷೀನು, ಸಾಲದ್ದಕ್ಕೆ 2000 ವ್ಯಾಟಿನ ಗೀಸರು. ಗೀಸರು ಎಳೆಯುವುದು ಸುಮಾರು 9 ಆಂಪಿಯರ್, ಅದನ್ನು ಸಿಕ್ಕಿಸಿರುವುದು 5 ಆಂಪಿಯರಿನ ಪ್ಲಗ್ಗಿಗೆ. ಮುದಿ ಎತ್ತಿಗೆ ಲಾರಿಯ ಹೊರೆ.

ಈಗ ನನ್ನ ಒಂದೇ ಮಾತು. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರಿಸಬೇಡಿ. ಫ್ಯೂಸು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಒದ್ದೆ ಕೈಯ ಮನುಷ್ಯನಿಗೆ 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು ಸುಮಾರು 0.2 ಆಂಪಿಯರ್. ಜೀವ ತೆಗೆಯಲು ಅಷ್ಟು ಬೇಕಾದಷ್ಟಾಯಿತು. 5 ಆಂಪಿಯರಿನ ಫ್ಯೂಸು ಕರಗಬೇಕಾದರೆ ಆ 0.2 ಆಂಪಿಯರಿನ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಹರಿಯಬೇಕು. ಅಂದರೆ ಮನುಷ್ಯ ನೆಲಕ್ಕೆ ಬಿದ್ದರೂ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಎಂ.ಸಿ.ಬಿ., ಹಾಕಿಸಿದ್ದೇವೆ ಎನ್ನುತ್ತೀರಿ. ಅದೂ ಫ್ಯೂಸಿನ ತಮ್ಮನೇ. ಮನುಷ್ಯನನ್ನು ಕಾಯುವ ಸಾಧನ ಬೇರೆ. ಅದರ ಹೆಸರು ಆರ್.ಸಿ.ಸಿ.ಬಿ. ಬರೆದುಕೊಳ್ಳಿ: ಆರ್.ಸಿ.ಸಿ.ಬಿ., 30 ಮಿಲಿಆಂಪಿಯರ್, ಅಂದರೆ 0.03 ಆಂಪಿಯರ್.

ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆ. ಆಷಾಢದ ಮಳೆ. ಮನೆಯ ಯಜಮಾನರು ಫೋನ್ ಮಾಡಿ ‘ಬಚ್ಚಲಲ್ಲಿ ಸ್ವಲ್ಪ ಶಾಕ್ ಬರುತ್ತಿದೆ, ಈ ಕಡೆ ಬಂದಾಗ ನೋಡಿ’ ಎಂದರು. ಈ ಕಡೆ ಬಂದಾಗ! ಮರುದಿನವೇ ಹೋದೆ. ಬಚ್ಚಲಲ್ಲಿ ನಲ್ಲಿಯ ಕೆಳಗೆ ಊಟದ ಮಣೆ ಹಾಕಿದ್ದರು. ಮಣೆಯ ಮೇಲೆ ನಿಂತು ನಲ್ಲಿ ತಿರುಗಿಸಿದರೆ ಏನೂ ಆಗುವುದಿಲ್ಲವಂತೆ. ಸೊಸೆಗೆ ರಬ್ಬರ್ ಚಪ್ಪಲಿ, ಮಕ್ಕಳಿಗೆ ಮಣೆ. ಮೂರು ಮಳೆಗಾಲದಿಂದ ಇದೇ ವ್ಯವಸ್ಥೆ. ಬೇಸಿಗೆಯಲ್ಲಿ ಜುಮ್ ತಾನಾಗಿಯೇ ನಿಲ್ಲುತ್ತದೆ, ಮಣೆ ಜಗಲಿಗೆ ವಾಪಸು. ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ‘ಚೌಡಿಗೆ ಹೇಳಿಕೊಂಡದ್ದು ಒಂದು ಬಾಕಿ ಇದೆ ಮಾರಾಯ, ಅದಕ್ಕೇ ಇರಬೇಕು’ ಎಂದರು.

ಗೀಸರು ಬಿಚ್ಚಿದೆ, ಚೆನ್ನಾಗಿತ್ತು. ಬಚ್ಚಲಿನ ಸ್ವಿಚ್ಚು ಬಿಚ್ಚಿದೆ, ಅದೂ ಚೆನ್ನಾಗಿತ್ತು. ನಲ್ಲಿಗೆ ಟೆಸ್ಟರ್ ಇಟ್ಟರೆ ಅದರ ದೀಪ ಮಿಣಿಮಿಣಿ ಉರಿಯುತ್ತಿದೆ. ಮೇನ್ ಫ್ಯೂಸು ಕಿತ್ತರೆ ಆರುತ್ತದೆ. ಕರೆಂಟು ಈ ಮನೆಯದೇ, ಆದರೆ ಎಲ್ಲಿಂದ? ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡೆ. ಊಟಕ್ಕೆ ಕರೆದಾಗ ಒಳಗೆ ಬಂದು ತಲೆ ಎತ್ತಿದೆ. ಒಲೆಯ ಮೇಲ್ಭಾಗದಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಒಂದು ಜಿ.ಐ. ತಂತಿ, ಅಂದರೆ ಸತುವಿನ ಲೇಪದ ಕಬ್ಬಿಣದ ತಂತಿ. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಲ್ಲ! ಮೇಲೆ ಹಸಿ ಪಂಚೆ, ಮಗುವಿನ ಲಂಗೋಟಿ. ತಂತಿಯ ಒಂದು ತುದಿ ಬಚ್ಚಲಿನ ಗೋಡೆಯ ತೂತಿನಲ್ಲಿ ನುಸುಳಿ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿತ್ತು. ಇನ್ನೊಂದು ತುದಿ ಒಂದು ಮೊಳೆಗೆ. ಆ ಮೊಳೆ ಹೊಡೆದದ್ದು ಎಲ್ಲಿಗೆ ಗೊತ್ತೇ? ವೈರಿಂಗಿನ ರೀಪಿಗೆ! ಗಟ್ಟಿ ಮರ, ಕೈಗೆಟಕುವ ಎತ್ತರ, ಇನ್ನೇನು ಬೇಕು.

ವೈರಿನ ರಬ್ಬರು ಎಂದೋ ಬಿರಿದು ಉದುರಿತ್ತು. ಉಳಿದದ್ದು ಮೇಲಿನ ನೂಲಿನ ಹೆಣಿಗೆ. ಬೇಸಿಗೆಯಲ್ಲಿ ಒಣ ನೂಲು ಕರೆಂಟನ್ನು ಬಿಡುವುದಿಲ್ಲ. ಮಂಗ ಸರಿಸಿದ ಹೆಂಚಿನಿಂದ ನೀರು ಜಿನುಗಿ ನೂಲು ತೋಯ್ದರೆ ಬಿಡುತ್ತದೆ. ನೂಲಿನಿಂದ ಮೊಳೆಗೆ, ಮೊಳೆಯಿಂದ ತಂತಿಗೆ, ತಂತಿಯಿಂದ ನಲ್ಲಿಗೆ. ನಲ್ಲಿಯ ಕರೆಂಟಾದರೂ ನೆಲಕ್ಕೆ ಇಳಿಯಬಾರದಿತ್ತೇ? ಇಳಿಯಲು ದಾರಿ ಇಲ್ಲ. ಗುಡ್ಡದ ಅಬ್ಬಿಯಿಂದ ನೀರು ಬರುವುದು ಕಪ್ಪು ಪ್ಲಾಸ್ಟಿಕ್ ಪೈಪಿನಲ್ಲಿ. ಗೋಡೆಯಲ್ಲಿರುವುದು ಎರಡು ಮೊಳ ಕಬ್ಬಿಣ ಮಾತ್ರ. ಹಾಗಾಗಿ ಅದು ಕಾಯುತ್ತಾ ಕೂತಿತ್ತು, ಯಾರಾದರೂ ಬರಿಗಾಲಲ್ಲಿ ಬರಲಿ ಎಂದು. ಮೊಳೆ ಇನ್ನು ಒಂದು ನೂಲಿನಷ್ಟು ಈಚೆಗೆ ಸರಿದು ತಾಮ್ರಕ್ಕೆ ತಾಗಿದ್ದರೆ ಮಣೆಯೂ ಇಲ್ಲ, ಚಪ್ಪಲಿಯೂ ಇಲ್ಲ.

ಮೊಳೆ, ತಂತಿ ಕಿತ್ತು ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿಸಿದೆ. ಆರ್.ಸಿ.ಸಿ.ಬಿ. ಕೂರಿಸಿದೆ. ಕೂರಿಸಿದ ಐದು ನಿಮಿಷಕ್ಕೆ ಟ್ರಿಪ್ ಆಯಿತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಯಜಮಾನರು ‘ನಿಮ್ಮ ಡಬ್ಬಿಯೇ ಸರಿಯಿಲ್ಲ’ ಎಂದರು. ಸ್ವಾಮಿ, ಡಬ್ಬಿ ಸರಿಯಿದೆ, ನಿಮ್ಮ ಅಟ್ಟ ಸರಿಯಿಲ್ಲ! ಹುಡುಕಿದರೆ ಇಲಿ ಕಡಿದ ವೈರು ಇನ್ನೆರಡು ಕಡೆ ಸಿಕ್ಕಿತು. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಎಂದು ಆರ್.ಸಿ.ಸಿ.ಬಿ.ಯನ್ನು ತಪ್ಪಿಸಿ ನೇರ ವೈರು ಕೊಡಿಸಿಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಕಳ್ಳ ಬಂದಾಗ ಬೊಗಳಿದ್ದಕ್ಕೆ ನಾಯಿಯನ್ನೇ ಓಡಿಸಿದ ಬುದ್ಧಿವಂತಿಕೆ ಅದು. ಅಜ್ಜಿಗೂ ಹೇಳಿದೆ, ‘ಚೌಡಿಗೆ ಹಣ್ಣುಕಾಯಿ ಖಂಡಿತ ಮಾಡಿಸಿ, ಇಷ್ಟು ದಿನ ಕಾದದ್ದು ಅವಳೇ ಇರಬೇಕು. ಇನ್ನು ಮುಂದಿನ ಕೆಲಸ ಈ ಡಬ್ಬಿಗೆ ಬಿಡಿ.’

ಡಬ್ಬಿ ಮಾಡುವುದು ಅಡಿಕೆ ಮಂಡಿಯ ಗುಮಾಸ್ತೆಯ ಕೆಲಸ. ಹೋದ ಮೂಟೆಗೂ ಬಂದ ಮೂಟೆಗೂ ಲೆಕ್ಕ ನೋಡುವುದು. ಒಂದು ವೈರಿನಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ವಾಪಸು ಬರಬೇಕು. 30 ಮಿಲಿಆಂಪಿಯರ್ ಲೆಕ್ಕ ತಪ್ಪಿತೋ, ಎಲ್ಲೋ ಸೋರುತ್ತಿದೆ, ಯಾರದೋ ಮೈಯಲ್ಲಿ ಹರಿಯುತ್ತಿರಬಹುದು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಬೆಲೆ ನಿಮ್ಮ ಕಿಸೆಯ ಮೊಬೈಲಿಗಿಂತ ಎಷ್ಟೋ ಕಡಿಮೆ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಗಡಿಯಾರ ಒಪ್ಪುತ್ತಿಲ್ಲ. ಇಷ್ಟು ಕೇಳಿ. ದಾಸವಾಳದ ಗಿಡದ ಬುಡದಲ್ಲಿರುವ ಅರ್ತ್ ಗುಂಡಿಯನ್ನು ಹುಡುಕಿ, ವೈರು ತುಕ್ಕು ಹಿಡಿದು ತುಂಡಾಗಿದೆಯೇ ನೋಡಿ, ಬೇಸಿಗೆಯಲ್ಲಿ ನೀರು ಹಾಕಿ. ನಮ್ಮ ಜಂಬಿಟ್ಟಿಗೆ ನೆಲ ಒಣಗಿದಾಗ ಅರ್ತಿನಲ್ಲಿ ಏಳೆಂಟು ಆಂಪಿಯರ್ ಹರಿದರೆ ಹೆಚ್ಚು. 15 ಆಂಪಿಯರಿನ ಫ್ಯೂಸು ಅದನ್ನು ನೋಡಿಯೂ ನೋಡದಂತೆ ಕೂತಿರುತ್ತದೆ. ಅದಕ್ಕೇ ಅರ್ತ್ ಇದ್ದರೂ ಆರ್.ಸಿ.ಸಿ.ಬಿ. ಬೇಕು.

ಇನ್ನು ಮೂಗಿಗೊಂದು ಕೆಲಸ. ಪ್ಲಗ್ಗು, ಸ್ವಿಚ್ಚು ಒಳಗೊಳಗೇ ಸುಡುವಾಗ ಕೆಲವೊಮ್ಮೆ ಮೀನಿನ ವಾಸನೆ ಬರುತ್ತದೆ. ಮೀನು ಮುಟ್ಟದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಬೆಕ್ಕನ್ನು ಬೈಯುವ ಮೊದಲು ಮೇನ್ ಆಫ್ ಮಾಡಿ. ಫ್ಯೂಸು ಹೋದಾಗ ತಾಮ್ರದ ಎಳೆಗಳನ್ನು ಹೊಸೆದು ದಪ್ಪಗೆ ಕಟ್ಟಬೇಡಿ. ಅಲ್ಯೂಮಿನಿಯಂ ದೋಟಿಯನ್ನು ಲೈನಿನ ಹತ್ತಿರ ಒಯ್ಯಬೇಡಿ. ಲೈನ್ ತುಂಡಾಗಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ. ಅಟ್ಟದ ಕೆಲಸವನ್ನು ಭಾವಮೈದನ ಕೈಯಲ್ಲಿ ಮಾಡಿಸಬೇಡಿ, ಲೈಸೆನ್ಸ್ ಇರುವವರನ್ನು ಕರೆಸಿ, ವೈರಿನ ಹೊದಿಕೆ ಕರೆಂಟು ಸೋರಿಸುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಇಟ್ಟು ಇಡೀ ಮನೆಯ ವೈರು ಪರೀಕ್ಷಿಸಲು ಹೇಳಿ.

ಆರ್.ಸಿ.ಸಿ.ಬಿ. ಈಗಾಗಲೇ ಇರುವವರಿಗೆ ಒಂದು ಮಾತು ಉಳಿಯಿತು. ಅದರ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇದೆ. ಮೀಟರ್ ನೋಡಿ ಬಿಲ್ಲು ಕೊಟ್ಟು ಹೋದ ದಿನ, ತಿಂಗಳಿಗೊಮ್ಮೆ, ಅದನ್ನು ಒತ್ತಬೇಕು. ಒತ್ತಿದ ತಕ್ಷಣ ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಡಬ್ಬಿ ಸತ್ತಿದೆ, ಬದಲಾಯಿಸಿ. ಬೇಕಾದರೆ ಈಗಲೇ ಎದ್ದು ಹೋಗಿ ಒತ್ತಿ. ರೇಡಿಯೋ ಪ್ಲಗ್ಗಿನಲ್ಲಿ ನಡೆಯುತ್ತಿದ್ದರೆ ನನ್ನ ಮಾತು ಅಲ್ಲಿಗೇ ನಿಲ್ಲಬೇಕು. ಇನ್ನೂ ಕೇಳಿಸುತ್ತಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ನಮಸ್ಕಾರ.