ತವರಿನಲ್ಲೇ ಯಾಕೆ ಎಡವುತ್ತೇವೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಈ ಟ್ರಾಫಿಕ್‌ನಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

2018ರ ಮಾರ್ಚ್ 17, ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಫೈನಲ್. ನಿಮ್ಮಲ್ಲಿ ಕೆಲವರು ಅವತ್ತು ಅಲ್ಲೇ ಇದ್ದಿರಬೇಕು. ಬೆಂಗಳೂರು ಎಫ್‌ಸಿ ಲೀಗ್ ಹಂತದಲ್ಲಿ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿತ್ತು, ಎದುರಾಳಿ ಚೆನ್ನೈಯಿನ್‌ಗಿಂತ 8 ಅಂಕ ಜಾಸ್ತಿ. 9ನೇ ನಿಮಿಷಕ್ಕೇ ನಮ್ಮ ನಾಯಕ ಸುನಿಲ್ ಛೆಟ್ರಿ ಹೆಡರ್ ಹೊಡೆದು ಗೋಲು ತಂದರು. ಇನ್ನೇನು ಬೇಕು ಅಲ್ವಾ? ಆದರೂ 2–3ರಲ್ಲಿ ಸೋತೆವು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದರು, ಎರಡೂ ಕಾರ್ನರ್‌ನಿಂದ, ಎರಡೂ ತಲೆಯಿಂದ. ಮರುವರ್ಷ ಅದೇ ಕಪ್ ಗೆದ್ದೆವು. ಎಲ್ಲಿ? ಮುಂಬೈಯಲ್ಲಿ.

ಒಂದು ಫೈನಲ್‌ನಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ತವರಿನಲ್ಲಿ ಸೋತಾಗಲೆಲ್ಲ ನಾವು ಒತ್ತಡ, ದುರದೃಷ್ಟ, ರೆಫ್ರಿ ಅಂತ ಸುಮ್ನೆ ಮಾತಾಡುತ್ತೇವೆ. ನನ್ನ ಪ್ರಕಾರ ಕಾರಣ ಆಟದ ಒಳಗೇ ಇದೆ.

ತವರಿನ ತಂಡ ಗೆಲ್ಲಲೇಬೇಕು ಅಂತ ಆಡುತ್ತದೆ. ಬಂದ ತಂಡಕ್ಕೆ ಒಂದು ಅಂಕ ಸಿಕ್ಕರೂ ಸಾಕು. ಹಾಗಾಗಿ ಅವರ ಹತ್ತು ಜನ ಪೆನಾಲ್ಟಿ ಬಾಕ್ಸ್ ಮುಂದೆ, ಮೆಜೆಸ್ಟಿಕ್ ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ, ಜಪ್ಪಯ್ಯ ಅಂದರೂ ಸರಿಯದೆ ನಿಲ್ಲುತ್ತಾರೆ. ನಮ್ಮ ಫುಲ್‌ಬ್ಯಾಕ್‌ಗಳು, ಅಂದರೆ ಎರಡು ಬದಿಯ ಡಿಫೆಂಡರ್‌ಗಳು, ಮುಂದೆ ಓಡುತ್ತಾರೆ, ಹಿಂದೆ ಜಾಗ ಖಾಲಿ ಬೀಳುತ್ತದೆ, ಒಂದು ಪಾಸ್ ತಪ್ಪಿದರೆ ಆ ಖಾಲಿ ಜಾಗಕ್ಕೆ ಅವರ ದಿಢೀರ್ ದಾಳಿ, ಕೌಂಟರ್ ಅಟ್ಯಾಕ್.

ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನದು. 2020–21ರ ಪ್ರೀಮಿಯರ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೊರಗೆ ಆಡಿದ 19 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಸ್ವಂತ ಮೈದಾನದಲ್ಲಿ ಆರು ಸೋತಿತು! ಕೋವಿಡ್‌ನಿಂದಾಗಿ ಆ ಸೀಸನ್‌ನ ಹೆಚ್ಚಿನ ಪಂದ್ಯಗಳಲ್ಲಿ ಗ್ಯಾಲರಿ ಖಾಲಿ, ಅಂದರೆ ಜನರ ಒತ್ತಡ ಅನ್ನುವ ನೆಪವೂ ಇಲ್ಲ. ವೇಗದ ಆಟಗಾರರಿದ್ದ ಆ ತಂಡಕ್ಕೆ ಮುಂದೆ ಖಾಲಿ ಜಾಗ ಬೇಕಿತ್ತು. ಹೊರಗೆ ಅದು ಸಿಗುತ್ತಿತ್ತು, ಮನೆಯಲ್ಲಿ ಯಾರೂ ಕೊಡುತ್ತಿರಲಿಲ್ಲ.

ಹಾಗಂತ ಜನರಿಂದ ಲಾಭವೇ ಇಲ್ಲ ಅಂತಲ್ಲ. ಅದೇ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲಿ ತವರಿನ ಗೆಲುವು 144, ಹೊರಗಿನದು 153. ಇಂಗ್ಲೆಂಡಿನ ಅಗ್ರ ಲೀಗ್‌ನಲ್ಲಿ ಹಾಗಾದದ್ದು ಅದೇ ಮೊದಲು. ಗದ್ದಲಕ್ಕೆ ರೆಫ್ರಿಗಳೂ ಸ್ವಲ್ಪ ಬಾಗುತ್ತಾರೆ. ಜರ್ಮನಿಯ ಬುಂಡೆಸ್‌ಲಿಗಾ ಪಂದ್ಯಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಇನ್ನೊಂದು ತಮಾಷೆಯ ಅಂಶ ಇದೆ: ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದ್ದ ಕಡೆ ಈ ಪಕ್ಷಪಾತ ಕಡಿಮೆ. ಈಗ ನಮ್ಮ ಕಂಠೀರವ ನೆನಪಿಸಿಕೊಳ್ಳಿ. ಅದು ಮೂಲದಲ್ಲಿ ಅಥ್ಲೆಟಿಕ್ಸ್ ಕ್ರೀಡಾಂಗಣ, ಸುತ್ತಲೂ ಟ್ರ್ಯಾಕ್. ನಮ್ಮ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಗಂಟಲು ಹರಿಯುವಂತೆ ಹಾಡಿದರೂ ಅಷ್ಟು ದೂರ ದಾಟಿ ಹೋಗಬೇಕು. 2013ರಲ್ಲಿ ಕ್ಲಬ್ ಶುರುವಾದದ್ದು ಅಶೋಕನಗರದ ಸಣ್ಣ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿ ಕೂಗಿದರೆ ಲೈನ್ಸ್‌ಮನ್ ಕಿವಿಗೇ ಬೀಳುತ್ತಿತ್ತು.

ಇನ್ನು ಹವೆ. ಬೊಲಿವಿಯಾಕ್ಕೆ ಸುಮಾರು 3,600 ಮೀಟರ್ ಎತ್ತರದ ಲಾ ಪಾಜ್ ಇದೆ. ಅಲ್ಲಿ ಉಸಿರು ಸಿಗದೆ 2009ರಲ್ಲಿ ಮೆಸ್ಸಿ ಇದ್ದ ಅರ್ಜೆಂಟೀನಾವೇ 6–1ರಲ್ಲಿ ಸೋತಿತು. ಕೊಚ್ಚಿ, ಕೋಲ್ಕತ್ತಾಗೆ ಸೆಕೆಯಾದರೂ ಇದೆ. ನಮ್ಮದು ಬರೀ 900 ಮೀಟರ್, ಮೇಲೆ ತಣ್ಣನೆಯ ಸಂಜೆ. ಬಂದವರು 90 ನಿಮಿಷ ಆರಾಮಾಗಿ ಓಡುತ್ತಾರೆ. ಬೆಂಗಳೂರು ಅತಿಥಿಗಳಿಗೆ ಜಾಸ್ತಿನೇ ಒಳ್ಳೆಯದು ಬಿಡಿ.

ಪರಿಹಾರ? ಕಾರ್ನರ್, ಫ್ರೀ ಕಿಕ್ ಅಭ್ಯಾಸ ಹೆಚ್ಚಬೇಕು, ಮುಚ್ಚಿದ ಡಿಫೆನ್ಸ್ ಒಡೆಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಇನ್ನೊಂದು, ಆಗಾಗ ಚೆಂಡನ್ನು ಬೇಕಂತಲೇ ಎದುರಾಳಿಗೆ ಬಿಟ್ಟುಕೊಟ್ಟು ಅವರನ್ನು ಮುಂದೆ ಎಳೆಯಬೇಕು. ಆದರೆ ಇಲ್ಲಿ ಹಿಂದಕ್ಕೆ ಮೂರು ಪಾಸ್ ಕೊಟ್ಟರೆ ಸಾಕು, ಗ್ಯಾಲರಿಯಲ್ಲಿ ನಾವೇ ಬೈಯಲು ಶುರು ಮಾಡುತ್ತೇವೆ, ಹುಡುಗರು ಗಾಬರಿಯಾಗಿ ಚೆಂಡನ್ನು ಸುಮ್ನೆ ಮೇಲಕ್ಕೆ ಒದೆಯುತ್ತಾರೆ. ಬೈಸಿಕೊಳ್ಳಲು ತಯಾರಿರುವ ಕೋಚ್ ಬೇಕು.

ಸರಿ, ಪ್ರಶ್ನೆ ಕೇಳಿ. ರೆಫ್ರಿ ವಿಷಯ ಮಾತ್ರ ಕೊನೆಗಿಟ್ಟುಕೊಳ್ಳೋಣ, ಅದು ಶುರುವಾದರೆ ಹಾಲ್‌ನವರು ದೀಪ ಆರಿಸುವವರೆಗೂ ಮುಗಿಯುವುದಿಲ್ಲ.