ಪೋರ್ಟಿಲ್ಲೊ ಉಳಿಸಿಕೊಟ್ಟ ರೈಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ರಿಟನ್ನಿನಲ್ಲಿ ಮೈಕೆಲ್ ಪೋರ್ಟಿಲ್ಲೊ ಹೆಸರೆತ್ತಿದರೆ ಸಾಕು, ಎಲ್ಲರೂ 1997ರ ಸೋಲನ್ನೇ ಹೇಳುತ್ತಾರೆ. ಆಗ ಅವರು ರಕ್ಷಣಾ ಸಚಿವರು, ಕನ್ಸರ್ವೇಟಿವ್ ಪಕ್ಷದ ಮುಂದಿನ ನಾಯಕ ಅನ್ನಿಸಿಕೊಂಡಿದ್ದವರು. ಲಂಡನ್ನಿನ ಎನ್‌ಫೀಲ್ಡ್ ಸೌತ್‌ಗೇಟ್ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಯುವಕ ಸ್ಟೀಫನ್ ಟ್ವಿಗ್ ಎದುರು 1,433 ಮತಗಳಿಂದ ಸೋತರು. ನಡುರಾತ್ರಿ ಕಳೆದ ಮೇಲೆ ಬಂದ ಆ ಫಲಿತಾಂಶವನ್ನು ಟೀವಿಯಲ್ಲಿ ಎದ್ದು ಕೂತು ನೋಡಿದ್ದೇ ಒಂದು ತಲೆಮಾರಿಗೆ ಹೆಮ್ಮೆಯ ಮಾತಾಯಿತು.

ಸರಿ, ಸೋತರು. ಆದರೆ ಎಷ್ಟು ದಿನ ಅದನ್ನೇ ಹೇಳೋದು? ಒಬ್ಬ ರಾಜಕಾರಣಿಯನ್ನು ಅಳೆಯುವಾಗ ಯಾವ ಕುರ್ಚಿ ಸಿಕ್ಕಿತು, ಯಾವುದು ತಪ್ಪಿತು ಅಂತ ಲೆಕ್ಕ ಹಾಕಬೇಡಿ. ಏನು ಮಾಡಿದರು, ಅದನ್ನು ನೋಡಿ.

1988ಕ್ಕೆ ಬನ್ನಿ. ಪೋರ್ಟಿಲ್ಲೊ ಆಗ ಥ್ಯಾಚರ್ ಸರ್ಕಾರದ ಸಾರಿಗೆ ಇಲಾಖೆಯಲ್ಲಿ ಕಿರಿಯ ಸಚಿವರು. ಉತ್ತರ ಇಂಗ್ಲೆಂಡಿನಲ್ಲಿ ಸೆಟಲ್‌ನಿಂದ ಕಾರ್ಲೈಲ್‌ಗೆ ಒಂದು ರೈಲು ಮಾರ್ಗವಿದೆ. ಸುಮಾರು 72 ಮೈಲಿ, ಬರೀ ಗುಡ್ಡಗಾಡು. ದಾರಿಯಲ್ಲಿ ರಿಬ್ಲ್‌ಹೆಡ್ ಅನ್ನುವಲ್ಲಿ ಬಯಲಿನ ನಡುವೆ ಕಲ್ಲಿನ ದೊಡ್ಡ ಸೇತುವೆ, ಅದಕ್ಕೆ 24 ಕಮಾನುಗಳು. ಗಾಳಿ ಮಳೆಗೆ ಅದು ಸವೆದಿತ್ತು. ರಿಪೇರಿಗೆ ತುಂಬ ದುಡ್ಡು ಬೇಕು, ಮಾರ್ಗವನ್ನೇ ಮುಚ್ಚೋಣ ಅಂತ ಸರ್ಕಾರಿ ರೈಲು ಸಂಸ್ಥೆ ಬ್ರಿಟಿಷ್ ರೈಲ್ ಹೊರಟಿತು. ಸರ್ಕಾರವೂ ಬಹುಮಟ್ಟಿಗೆ ಒಪ್ಪಿತ್ತು.

ಜನ ಬಿಡಲಿಲ್ಲ. 22,000ಕ್ಕೂ ಜಾಸ್ತಿ ಆಕ್ಷೇಪಣೆ ಬಂದವು. ಅದರಲ್ಲೊಂದು ನಾಯಿಯದು! ಹೌದು, ಹೋರಾಟಗಾರರೊಬ್ಬರ ನಾಯಿ, ಕುರಿ ಕಾಯುವ ‘ಕಾಲಿ’ ಅನ್ನುವ ಜಾತಿಯದು. ಅದರ ಹೆಸರು ರಸ್ಸಪ್. ಅದಕ್ಕೂ ಟಿಕೆಟ್ ತೆಗೆದುಕೊಂಡು ಓಡಾಡುತ್ತಿದ್ದರು, ಹಾಗಾಗಿ ಅದೂ ಪ್ರಯಾಣಿಕನೇ ಅಲ್ವಾ? ಕಾಗದದ ಮೇಲೆ ಪಂಜದ ಗುರುತು ಒತ್ತಿಸಿದರು, ಆ ಆಕ್ಷೇಪಣೆಯೂ ಲೆಕ್ಕಕ್ಕೆ ಬಂತು. ಗಾರ್ಸ್‌ಡೇಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇವತ್ತು ರಸ್ಸಪ್‌ನ ಕಂಚಿನ ಪ್ರತಿಮೆ ಇದೆ. ನನಗಂತೂ ಯಾವ ಪ್ರಧಾನಿಯ ಪ್ರತಿಮೆಗಿಂತಲೂ ಅದೇ ಇಷ್ಟ.

ಖರ್ಚು ಉಳಿಸುವುದೇ ಧರ್ಮ ಅನ್ನುತ್ತಿದ್ದ ಸರ್ಕಾರ ಅದು. ಪೋರ್ಟಿಲ್ಲೊ ಕೂಡ ಅದೇ ಪಂಥದವರು. ಆದರೂ ಮಾರ್ಗ ಉಳಿಯಬೇಕು ಅಂತ ವಾದಿಸಿದರು. 1989ರ ಏಪ್ರಿಲ್‌ನಲ್ಲಿ ಮುಚ್ಚುವ ಪ್ರಸ್ತಾಪ ಬಿದ್ದುಹೋಯಿತು. ಸೇತುವೆ ರಿಪೇರಿಯಾಯಿತು, ರೈಲು ಇವತ್ತೂ ಓಡುತ್ತಿದೆ. ರಾಜಕೀಯದಲ್ಲಿ ತಾನು ಮಾಡಿದ ದೊಡ್ಡ ಕೆಲಸ ಇದೇ ಅಂತ ಅವರೇ ಹೇಳಿದ್ದಾರೆ. ರಕ್ಷಣಾ ಖಾತೆಯಲ್ಲ, ಖಜಾನೆಯಲ್ಲ. ಒಂದು ಗುಡ್ಡಗಾಡು ರೈಲು. ಕುರ್ಚಿ ನೋಡಬೇಡಿ, ಕೆಲಸ ನೋಡಿ ಅಂದಿದ್ದು ಇದಕ್ಕೇ.

ಸಮಯ ಓಡುತ್ತಿದೆ, ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ. 1999ರಲ್ಲಿ ಉಪಚುನಾವಣೆ ಗೆದ್ದು ಸಂಸತ್ತಿಗೆ ಮರಳಿದರು. 2001ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು, ಪಕ್ಷದ ಸಂಸದರು ಮತ ಹಾಕುವ ಕೊನೆಯ ಸುತ್ತಿನಲ್ಲಿ ಒಂದೇ ಒಂದು ಮತದಿಂದ ಹೊರಬಿದ್ದರು. 2005ರಲ್ಲಿ ಸಂಸತ್ತನ್ನೇ ಬಿಟ್ಟರು. 2010ರಿಂದ ಬಿಬಿಸಿಯಲ್ಲಿ ಬಣ್ಣಬಣ್ಣದ ಕೋಟು ತೊಟ್ಟು, ಕೈಯಲ್ಲಿ ಬ್ರಾಡ್‌ಶಾ ಅನ್ನುವ ಹಳೇ ರೈಲ್ವೆ ಕೈಪಿಡಿ ಹಿಡಿದು ಊರೂರು ತಿರುಗುತ್ತಿದ್ದಾರೆ. ಅವರನ್ನು ಸಚಿವರಾಗಿ ನೋಡಿಯೇ ಇಲ್ಲದ ಹುಡುಗರಿಗೂ ಈಗ ಅವರ ಗುರುತಿದೆ.

2018ರಲ್ಲಿ ಬಂದ ಭಾರತದ ಸರಣಿಯಲ್ಲಿ ನಮ್ಮ ಮೈಸೂರಿನಿಂದ ಚೆನ್ನೈಗೆ ಹೋಗುವ ಕಂತೂ ಇದೆ. ಸಿಕ್ಕರೆ ಮನೆಯವರೆಲ್ಲ ಕೂತು ನೋಡಿ.

ನಮಸ್ಕಾರ.